ರೊಟ್ಟಿ ಶಿವಕಾಂತಾ ಬರೆಸಿದ ಎರಡು ಉಯಿಲು

ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೊಟ್ಟಿ ಶಿವಕಾಂತಾಳ ಮನೆ ಯಾವುದೆಂದು ಕೇಳಿದರೆ ಸಾಕು, ಕೇಳಿದವರನ್ನು ಬಾಗಿಲವರೆಗೂ ಬಿಟ್ಟು ಬರುತ್ತಾರೆ. ಎರಡು ಖೋಲಿ, ಮುಂದೊಂದು ಪತ್ರಾಸ್ ತಗಡಿನ ಚಪ್ಪರ, ಅದರ ಕೆಳಗೆ ಮೂರು ಒಲೆ. ಅವಳ ಖಡಕ್ ರೊಟ್ಟಿ ಖಾನಾವಳಿಗಳಿಗೂ ಮದುವೆಮನೆಗಳಿಗೂ ಹೋಗುತ್ತದೆ. ಗಂಡ ದಾಲ್ ಮಿಲ್ಲಿನಲ್ಲಿ ಹಮಾಲನಾಗಿದ್ದ, ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಈ ಮನೆ ಆಮೇಲಿನದು. ರೊಟ್ಟಿ ಬಡಿದು ಬಡಿದು ಅವಳೇ ಕೊಂಡದ್ದು, ಅವಳ ಹೆಸರಲ್ಲೇ ಇದೆ.

ಐವತ್ತೆಂಟರ ಈ ಹೆಂಗಸಿನಲ್ಲಿ ಎತ್ತಿ ಆಡುವಂಥ ದೋಷ ಒಂದೇ, ಹೊಟ್ಟೆಕಿಚ್ಚು. ಅದೂ ಊರವರ ಮೇಲಲ್ಲ. ಎದುರು ಮನೆಯವರು ಕಾರು ಕೊಂಡರೂ ಅವಳಿಗೆ ಏನೂ ಅನ್ನಿಸುವುದಿಲ್ಲ. ಅವಳ ಕಿಚ್ಚೆಲ್ಲ ಒಬ್ಬಳೇ ಒಬ್ಬಳ ಮೇಲೆ. ಅವಳು ನೆಗೆಣ್ಣಿ ಮಧುಮತಿ, ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿರುವ ಮೈದುನ ಮಲ್ಲಣ್ಣನ ಹೆಂಡತಿ.

ಇಪ್ಪತ್ತೈದು ವರ್ಷದ ಹಿಂದೆ ಮಧುಮತಿ ಎರಡನೆಯ ಬಸುರಿನಲ್ಲಿ ಹಾಸಿಗೆ ಹಿಡಿದಾಗ, ಎಂಟು ತಿಂಗಳ ಮಗಳು ಸೃಷ್ಟಿಯನ್ನು ತಂದು ಶಿವಕಾಂತಾಳ ಮಡಿಲಿಗೆ ಹಾಕಿದ್ದರು. ನಾಕು ದಿನದ ಮಾತು ಎಂದರು. ಮುಂದೆ ಗಂಡುಮಗ ವಿಶ್ವಾರಾಧ್ಯ ಹುಟ್ಟಿದ. ಅವನ ಸಂಭ್ರಮದಲ್ಲಿ ಮಗಳನ್ನು ಮರಳಿ ಒಯ್ಯುವ ನೆನಪು ಯಾರಿಗೂ ಆಗಲಿಲ್ಲ. ಮಕ್ಕಳಿಲ್ಲದ ಶಿವಕಾಂತಾ ನೆನಪು ಮಾಡಿಕೊಡಲೂ ಇಲ್ಲ. ಹುಡುಗಿಗೆ ಹಲ್ಲು ಬಂದದ್ದು, ದಡಾರ ಎದ್ದದ್ದು, ಬಿ.ಎ. ಪಾಸಾದದ್ದು ಎಲ್ಲವೂ ಶಿವಕಾಂತಾಳ ಕಣ್ಣೆದುರಿಗೇ. ಆದರೆ ಶಾಲೆಯ ದಾಖಲೆಯಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ, ಕೊನೆಗೆ ಲಗ್ನಪತ್ರಿಕೆಯಲ್ಲೂ ತಾಯಿಯ ಹೆಸರು ಮಧುಮತಿ. ಹುಡುಗಿಯ ಬಾಯಲ್ಲೂ ಮಣ್ಣೂರಿನವಳು ಅವ್ವ, ಇವಳು ದೊಡ್ಡವ್ವ. ತಿದ್ದಲು ಇವಳಿಗೆ ಎಂದೂ ಧೈರ್ಯ ಬರಲಿಲ್ಲ.

ಸೃಷ್ಟಿಯನ್ನು ಜೇವರ್ಗಿಗೆ ಕೊಟ್ಟಿದ್ದರು. ಈ ವರ್ಷ ಬಸುರಾದಳು. ಚೊಚ್ಚಲ ಬಾಣಂತನ ತವರಿನದು, ಅದರಲ್ಲಿ ಎರಡು ಮಾತಿಲ್ಲ. ತವರು ಯಾವುದು ಎಂಬುದರಲ್ಲೂ ಜೇವರ್ಗಿಯವರಿಗೆ ಎರಡು ಮಾತಿರಲಿಲ್ಲ, ಸೀದಾ ಮಣ್ಣೂರಿಗೇ ಫೋನು ಮಾಡಿದರು. ಏಳು ತಿಂಗಳಿಗೆ ಮಣ್ಣೂರಿನಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ, ಇಟ್ಟುಕೊಂಡಾಗ ಶಿವಕಾಂತಾ ಹಸಿರು ಇಳಕಲ್ ಸೀರೆ ಕೊಂಡು, ರೊಟ್ಟಿಯ ಬುಟ್ಟಿ ಹೊತ್ತು ಹೋದಳು. ಉಡಿ ತುಂಬುವ ಹೊತ್ತಿಗೆ ಮುಂದೆ ಬಂದಳು ಕೂಡ. ಬಸವಣ್ಣನ ಫೋಟೋ ಇರುವ ಮನೆ, ಗಂಡ ಸತ್ತವಳು ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮಧುಮತಿ ನಗುನಗುತ್ತಲೇ ಅಂದಳು, "ಅಕ್ಕಾ, ನೀ ಒಳಗ ಹೋಳಿಗಿ ಕಡೆ ಲಕ್ಷ್ಯ ಕೊಡು."

ಶಿವಕಾಂತಾ ಹೋಳಿಗೆಯ ಕಡೆ ಲಕ್ಷ್ಯ ಕೊಟ್ಟಳು. ಅವಳು ತಂದ ಸೀರೆಯನ್ನು ಮಧುಮತಿಯ ಕೈಯೇ ಸೃಷ್ಟಿಯ ಉಡಿಗೆ ಹಾಕಿತು. ಬಾಗಿಲ ಸಂದಿಯಿಂದ ಅದನ್ನು ನೋಡಿದಾಗ ಅವಳ ಹೊಟ್ಟೆಯಲ್ಲಿ ಹತ್ತಿದ್ದು ಊರಿಗೆ ಮರಳುವ ಬಸ್ಸಿನಲ್ಲೂ ಆರಲಿಲ್ಲ. ಎಲ್ಲ ಕಾಗದವೂ ಆಕೆಯದಾಯಿತಲ್ಲ, ಒಂದು ಕಾಗದವಾದರೂ ನನ್ನದಾಗಲಿ ಎಂದುಕೊಂಡಳು. ಮನೆ ಸೃಷ್ಟಿಗೆ ಎಂದು ಉಯಿಲು ಬರೆಸಬೇಕು, ಅದರಲ್ಲಿ ಸೃಷ್ಟಿ ನನ್ನ ಮಗಳು ಎಂದಿರಬೇಕು. ನಾನು ಸತ್ತ ಮೇಲೆ ಮಧುಮತಿ ಅದನ್ನು ಓದಿಸಿ ಕೇಳಬೇಕು. ಕೇಳುವಾಗ ಅವಳ ಮುಖ ಹೇಗಾಗುತ್ತದೆ ಎಂಬುದನ್ನೂ ಕಲ್ಪಿಸಿಕೊಂಡಳು. ಆ ಹೊತ್ತಿಗೆ ತಾನಿರುವುದಿಲ್ಲವಲ್ಲ ಎಂಬುದೊಂದೇ ಬೇಸರ.

ಎರಡು ಖೋಲಿಗೆ ವಕೀಲರು ಬೇರೆ ಬೇಕೇ ಎಂದು ತಹಸೀಲ್ ಕಚೇರಿಯ ಎದುರು ಬಾಂಡ್ ಬರೆಯುವ ರಾಜೇಸಾಬನ ಹತ್ತಿರ ಹೋದಳು. ಅವನು ಹೇಳಿದ್ದನ್ನು ಬರೆಯುವವನು, ಕೆದಕುವವನಲ್ಲ. ‘ನನ್ನ ಮಗಳಾದ ಸೃಷ್ಟಿಗೆ’ ಎಂದು ಹೇಳಿದಳು, ಹಾಗೇ ಟೈಪು ಮಾಡಿದ. ಓಣಿಯ ಇಬ್ಬರು ಸಾಕ್ಷಿ ಹಾಕಿದರು. ಕಾಗದ ಕೈಗೆ ಕೊಡುವಾಗ ಮಾತ್ರ ಒಂದು ಮಾತು ಹೇಳಿದ, "ಮುಂದ ಯಾರೂ ತಕರಾರು ತೆಗಿಯಂಗಿಲ್ಲಂದ್ರ ಇದು ಸಾಕ್ರಿ ಅಕ್ಕೋರ. ತಕರಾರು ಬರೂದಿದ್ರ ಒಮ್ಮೆ ವಕೀಲರಿಗಿ ತೋರಸ್ರಿ."

ಅವಳು ಕೇಳಿಸಿಕೊಂಡರೆ ತಾನೆ. ನಾಲ್ಕು ದಿನ ಒಲೆ ಆರಿಸಿದ ಮೇಲೆ ಅದೇ ಕೆಲಸ, ಕನ್ನಡಕ ಹಾಕಿಕೊಂಡು ಆ ಒಂದು ಸಾಲು ಓದುವುದು. ಇಡೀ ಉಯಿಲಿನಲ್ಲಿ ಅವಳು ಓದಿದ್ದು ಅದೊಂದೇ ಸಾಲು.

ಐದನೆಯ ದಿನ ವಿಶ್ವಾರಾಧ್ಯ ಬಂದ. ಆಳಂದದಲ್ಲಿ ಏನೋ ಕೆಲಸವಿತ್ತಂತೆ. ಚಹಾ ಕುಡಿದು, ಚಪ್ಪರದ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದ. "ದೊಡ್ಡವ್ವಾ, ಇಲ್ಲೊಂದು ಶಟರ್ ಕುಂದರ್ತದ ನೋಡು, ಮೊಬೈಲ್ ಅಂಗಡಿಗಿ ಪಸಂದ್ ಜಾಗಾ" ಅಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ತನ್ನದೇ ಎಂದುಕೊಂಡವನು ಹೇಗೆ ಮಾತಾಡುತ್ತಾನೋ ಹಾಗೆ ಮಾತಾಡಿದ. ಶಿವಕಾಂತಾಳಿಗೆ ರಾಜೇಸಾಬನ ತಕರಾರು ಎಂಬ ಶಬ್ದಕ್ಕೆ ಆಗ ಅರ್ಥ ಹೊಳೆಯಿತು. ಮರುದಿನ ವಕೀಲೆ ನಸ್ರೀನಳ ಆಫೀಸಿನ ಮೆಟ್ಟಿಲು ಹತ್ತಿದಳು.

ನಸ್ರೀನ ಕಾಗದವನ್ನು ಎರಡು ಸಲ ಓದಿ, ಸೃಷ್ಟಿ ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವಳೇ ಎಂದು ಕೇಳಿದಳು. ಅಲ್ಲ. ದತ್ತಕ ತೆಗೆದುಕೊಂಡ ಪತ್ರ ಇದೆಯೇ? ಅದೂ ಇಲ್ಲ. ಮನೆಯ ಮಗುವನ್ನು ಮನೆಯಲ್ಲೇ ಬೆಳೆಸಲು ಪತ್ರ ಯಾರು ಮಾಡಿಸುತ್ತಾರೆ? ವಕೀಲೆ ಬಿಡಿಸಿ ಹೇಳಿದಳು. ಗಂಡನೂ ಮಕ್ಕಳೂ ಇಲ್ಲದ ಹೆಂಗಸು ಉಯಿಲಿಲ್ಲದೆ ಸತ್ತರೆ, ಅವಳೇ ದುಡಿದು ಮಾಡಿದ ಮನೆಯೂ ಗಂಡನ ಕಡೆಯವರಿಗೆ ಹೋಗುತ್ತದೆ. ಎಂದರೆ ಮೈದುನನಿಗೆ, ಅವನು ಬರೆದುಕೊಟ್ಟರೆ ಅವನ ಮಗನಿಗೆ. ಉಯಿಲು ಬೇಕೇ ಬೇಕು. ಆದರೆ ಅದರಲ್ಲಿ ಸುಳ್ಳಿರಬಾರದು. "ಹುಡುಗಿ ಯಾರ ಮಗಳು ಅನ್ನೂದ ಈ ಮುದುಕಿಗಿ ನೆಟ್ಟಗ ನೆನಪಿರಲಿಲ್ಲ, ಬುದ್ಧಿ ಸ್ಥಿಮಿತ ಇರಲಿಲ್ಲ ಅಂತ ಅವರ ವಕೀಲರು ಶುರು ಮಾಡ್ತಾರ್ರಿ. ಗೆಲ್ತಾರೋ ಬಿಡ್ತಾರೋ, ಹುಡುಗಿ ವರ್ಷಗಟ್ಟಲೆ ಕೋರ್ಟಿಗಿ ಅಡ್ಡ್ಯಾಡಬೇಕು."

ಹಾಗಾದರೆ ಏನೆಂದು ಬರೆಯುವುದು? ಮಲ್ಲಣ್ಣ ಮತ್ತು ಮಧುಮತಿಯ ಮಗಳಾದ, ಎಂಟು ತಿಂಗಳಿನಿಂದ ನಾನು ಸಾಕಿದ ಸೃಷ್ಟಿಗೆ ಎಂದು ಬರೆಯೋಣ ಅಂದಳು ನಸ್ರೀನ.

"ಎಮ್ಮಿನೂ ಸಾಕ್ತಾರ್ರಿ ವಕೀಲರ" ಎಂದು ಶಿವಕಾಂತಾ ಎದ್ದಳು. ರಾಜೇಸಾಬನ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು. ಸತ್ತ ಮೇಲೂ ಆ ಹೆಸರಿನ ಕಾಟ ತಪ್ಪುವುದಿಲ್ಲವೆಂದರೆ ಏನರ್ಥ? ಕೋರ್ಟಿಗೆ ಹೋಗುವವರು ಹೋಗಲಿ, ಈ ಸಾಲು ಮಾತ್ರ ಅಳಿಸುವುದಿಲ್ಲ ಎಂದು ಹಟ ಹಿಡಿದು ಕೂತಳು. ಆ ವಾರದ ರೊಟ್ಟಿಗಳು ಒಂದೂ ನೆಟ್ಟಗೆ ಉಬ್ಬಲಿಲ್ಲ, ಖಾನಾವಳಿಯವರು ಕೇಳಿಯೂ ಕೇಳಿದರು.

ಎರಡು ತಿಂಗಳು ಕಾಗದ ಟ್ರಂಕಿನಲ್ಲೇ ಇತ್ತು. ಸೃಷ್ಟಿಗೆ ಹೆಣ್ಣು ಹುಟ್ಟಿತು. ಐದನೆಯ ದಿನ ಶಿವಕಾಂತಾ ಮಣ್ಣೂರಿಗೆ ಹೋಗಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಮೂಗು ಮಧುಮತಿಯದು. ಇಲ್ಲಿಯೂ ಅವಳೇ ಬಂದು ಕೂತಿದ್ದಾಳೆ ಎಂದು ಸಿಟ್ಟು ಬಂತು, ಆದರೂ ಕೂಸನ್ನು ಕೆಳಗಿಡಲು ಮನಸ್ಸಾಗಲಿಲ್ಲ.

ಆಗ ಪಡಸಾಲೆಯಲ್ಲಿ ಮಧುಮತಿ ಜೇವರ್ಗಿಯ ಬೀಗಿತ್ತಿಯೊಡನೆ ಮಾತಾಡುವುದು ಕೇಳಿಸಿತು. ಮಗನ ಭವಿಷ್ಯದ ವಿಚಾರ. "ವಿಶ್ವಾಂದೇನು ಚಿಂತಿಲ್ರಿ. ಆಳಂದದಾಗ ನಮ್ಮ ಅಕ್ಕನ ಮನಿ ಅದ, ಅಕಿಗಿ ಯಾರಿದ್ದಾರ, ಅದು ಅವಗೇ ಬರೂದು. ಹೆಣ್ಣಮಕ್ಕಳಿಗಿ ಕೊಟ್ಟಲ್ಲಿ ಇರ್ತದ, ಹೌದಲ್ರಿ?"

ಬೀಗಿತ್ತಿ ಏನು ಹೇಳಿದಳೋ ತಿಳಿಯಲಿಲ್ಲ. ಬಾಣಂತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಎಚ್ಚರವಿದ್ದಳು. ಅವಳ ಬೆನ್ನನ್ನು ನೋಡುತ್ತ ಶಿವಕಾಂತಾಳಿಗೆ ತಾನು ಇಷ್ಟು ದಿನ ಏನು ಮಾಡುತ್ತಿದ್ದೆ ಎಂಬುದು ಕಂಡಿತು. ಮಗಳು ಎಂಬ ಒಂದು ಶಬ್ದಕ್ಕಾಗಿ ಮನೆಯನ್ನು ತಾನೇ ಎತ್ತಿ ಮಧುಮತಿಯ ಮಗನ ಕೈಗೆ ಕೊಡುತ್ತಿದ್ದಳು. ಈಗ ಆ ಶಬ್ದವನ್ನು ಬಿಟ್ಟದ್ದು ತ್ಯಾಗವಲ್ಲ, ಹಾಗೆಂದು ಯಾರೂ ಹೊಗಳಬೇಕಾಗಿಲ್ಲ. ಅವಳನ್ನು ಎಬ್ಬಿಸಿದ್ದೂ ಹೊಟ್ಟೆಕಿಚ್ಚೇ. ಹೆಸರು ಬೇಕಾದರೆ ಅವಳಿಗಿರಲಿ, ನನ್ನ ಮನೆಯ ಒಂದು ಹಂಚೂ ಆಕೆಯ ಕೈಗೆ ಸಿಗಬಾರದು ಎಂದುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದಳು.

ನಸ್ರೀನ ಹೊಸದಾಗಿ ಬರೆದಳು. ಎರಡನೆಯದಕ್ಕೆ ಸಹಿಯಾದ ಕೂಡಲೇ ಮೊದಲನೆಯದು ರದ್ದಾಗುತ್ತದೆ ಎಂದು ತಿಳಿಸಿದಳು. ರಿಜಿಸ್ಟರ್ ಮಾಡಿಸಿದರೆ ಗಟ್ಟಿ ಎಂದೂ ಹೇಳಿ, ಸೋಮವಾರ ಇಬ್ಬರು ಸಾಕ್ಷಿಗಳ ಜೊತೆ ನೋಂದಣಿ ಕಚೇರಿಗೆ ಕರೆದುಕೊಂಡು ಹೋದಳು. ಅಲ್ಲಿಯ ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, ಇದನ್ನು ನೀವೇ ಬರೆಸಿದ್ದೇ, ಯಾರ ಒತ್ತಾಯವೂ ಇಲ್ಲವೇ ಎಂದು ವಿಚಾರಿಸಿದರು. ಇಲ್ಲವೆಂದಳು.

"ಈ ಸೃಷ್ಟಿ ನಿಮಗ ಏನಾಗಬೇಕ್ರಿ?"

ಕಾಗದದಲ್ಲಿ ಬರೆದದ್ದೇ ಇದೆಯಲ್ಲ, ಮತ್ತೆ ಬಾಯಿಂದ ಯಾಕೆ ಎಂಬಂತೆ ಅವಳು ನಸ್ರೀನಳ ಕಡೆ ನೋಡಿದಳು. ನಸ್ರೀನ ಹೇಳಿ ಎಂದು ಕಣ್ಣಲ್ಲೇ ಸೂಚಿಸಿದಳು. ಇಪ್ಪತ್ತೈದು ವರ್ಷದಲ್ಲಿ ಆ ಮಾತನ್ನು ಶಿವಕಾಂತಾ ಒಮ್ಮೆಯೂ ಆಡಿರಲಿಲ್ಲ. ಅವಳ ಹಿಂದೆ ಇನ್ನೂ ಐದಾರು ಜನ ಕಾಗದ ಹಿಡಿದು ಕಾಯುತ್ತಿದ್ದರು.

"ಮಧುಮತಿ ಮಗಳ್ರಿ" ಎಂದಳು. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಆ ಹೆಸರಿನ ಕೆಳಗೆ, ತನ್ನ ಹೆಸರು ಬರೆದಳು.