ಅಪ್ಪ ಮೀನಾಗಿ ಓಡಿದ ದಿನ

ನವೆಂಬರ್ ಒಂಬತ್ತು, ಭಾನುವಾರ. ಮುಂಜಾನೆ ಏಳು ಇಪ್ಪತ್ತಕ್ಕೆ ಶುರು. ನವನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಬಿಸಿಲು ಕಾಯಿಸುತ್ತ ಅಜ್ಜ ಮೊಮ್ಮಕ್ಕಳಾದ ನಮಗೆ ಹೇಳಿದರು, ನಾನು ಬರೆದುಕೊಂಡೆ. ಈ ವರ್ಷ ಅಜ್ಜನಿಂದ ಬರೆದುಕೊಂಡ ನೆನಪುಗಳಲ್ಲಿ ಇದು ಹನ್ನೊಂದನೆಯದು. ನಾನು ಕೇಳಿದ್ದು ಇಷ್ಟೇ: ಗಾಳದ ಕೋಲು ಯಾವ ದೇಶದಲ್ಲಿ ತಯಾರಾದರೆ ಒಳ್ಳೆಯದು? ಅದಕ್ಕೆ ಅಜ್ಜ ಕೊಟ್ಟ ಉತ್ತರ ಇದು. ಇಲ್ಲಿಂದ ಮುಂದೆ ‘ನಾನು’ ಎಂದರೆ ಅಜ್ಜ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುತ್ತಿರಲಿಲ್ಲ. ಕೈಯಿಂದ ಮುಟ್ಟಿದವರೂ ಇರಲಿಲ್ಲ. ಆದರೆ ಹಳೆಯ ಬಾಗಲಕೋಟೆಯಲ್ಲಿ ಹೊಳೆಗೆ ಗಾಳ ಹಾಕುವವರೆಲ್ಲ ಕೋಲಿಗಾಗಿ ಬರುತ್ತಿದ್ದುದು ನಮ್ಮ ಅಂಗಳಕ್ಕೇ. ಅಪ್ಪ ಬಿದಿರಿನ ಕೆಲಸದವರು. ಬುಟ್ಟಿ, ತೊಟ್ಟಿಲು, ಏಣಿ, ಕಾಳು ಕೇರುವ ಮೊರ, ಎಲ್ಲವೂ ಅಲ್ಲೇ ಆಗುತ್ತಿದ್ದವು. ದಾಂಡೇಲಿ ಕಡೆಯಿಂದ ಬಿದಿರು ಬಂದು ಬಿದ್ದ ದಿನ ಮನೆಯ ತುಂಬ ಮಳೆ ಬಿದ್ದ ಹುಲ್ಲಿನ ವಾಸನೆ. ಅಪ್ಪ ಗಟ್ಟಿ ಗಳಗಳನ್ನು ಆರಿಸಿ, ಕೆಂಡದ ಮೇಲೆ ಹೊರಳಿಸಿ ನೇರ ಮಾಡುತ್ತಿದ್ದರು. ಕಾಯ್ದ ಬಿದಿರು ಬೆವರುತ್ತಿತ್ತು, ಸಣ್ಣಗೆ ಸುಯ್ಯೆನ್ನುತ್ತಿತ್ತು. ಆಮೇಲೆ ಕುಸುಬಿ ಎಣ್ಣೆಯ ಬಟ್ಟೆಯಿಂದ ಒರೆಸಿದರೆ ಅದಕ್ಕೆ ಜೇನಿನ ಬಣ್ಣ ಬರುತ್ತಿತ್ತು. ಆ ಬಣ್ಣ ನೋಡುವುದಕ್ಕೆಂದೇ ನಾನು ಸಾಲೆಯಿಂದ ಓಡಿ ಬರುತ್ತಿದ್ದೆ.

ಮೀನನ್ನೇ ಹಿಡಿಯದವರು ಕೋಲಿನ ಗುಣ ನೋಡುವುದು ಹೇಗೆ? ಅದಕ್ಕೊಂದು ರೂಢಿ ಇತ್ತು. ಕೋಲು ಕೊಳ್ಳಲು ಬಂದವರು ಅದನ್ನು ಹಿಡಿದು ಕಟ್ಟೆಯ ಮೇಲೆ ನಿಲ್ಲಬೇಕು. ದಾರದ ತುದಿಯನ್ನು ನಮ್ಮ ಮನೆಯವರೊಬ್ಬರು ಕೈಗೆ ಸುತ್ತಿಕೊಂಡು ಅಂಗಳದಲ್ಲಿ ಮೀನಾಗಿ ಓಡಬೇಕು. ಆ ಮೀನು ನಮ್ಮ ಅಕ್ಕ. ಯಾವ ಮೀನು ಹೇಗೆ ಎಳೆಯುತ್ತದೆ ಎಂಬುದನ್ನು ಹೊಳೆಯವರ ಬಾಯಿಂದ ಕೇಳಿ ಕೇಳಿ ಅವಳು ಕಲಿತಿದ್ದಳು. ಕೊರವ ಮೀನಾದರೆ ಮೂಲೆಯಲ್ಲಿ ಗಪ್ಪನೆ ಕೂತು ಒಮ್ಮೆಲೇ ಜಗ್ಗುತ್ತಿದ್ದಳು. ಬಾಳೆ ಮೀನಾದರೆ ಅಂಗಳದ ಬೇವಿನ ಗಿಡ ಸುತ್ತಿ ಸುತ್ತಿ ಓಡುತ್ತಿದ್ದಳು. ಓಡಿ ನಿಂತು, ಏದುಸಿರಿನಲ್ಲೇ, ಕೋಲು ಎಲ್ಲಿ ಬಾಗಿತು, ಎಲ್ಲಿ ಬಾಗಲಿಲ್ಲ ಎಂದು ಹೇಳುತ್ತಿದ್ದಳು. ಅಪ್ಪ ಅದರಂತೆ ತಿದ್ದುತ್ತಿದ್ದರು.

ಒಂದೇ ಒಂದು ಕಟ್ಟಳೆ: ಕೋಲು ಮಾಡಿದವರು ಅದೇ ಕೋಲಿಗೆ ಮೀನಾಗಬಾರದು. ತನ್ನ ಕೋಲೆಂದರೆ ಎಳೆಯುವ ಕೈ ತಾನಾಗಿಯೇ ಮೆತ್ತಗಾಗುತ್ತದೆ ಎನ್ನುತ್ತಿದ್ದರು ಅಪ್ಪ. ಹಾಗಾಗಿ ಅವರು ಒಂದು ಸಲವೂ ಮೀನಾಗಿರಲಿಲ್ಲ.

ನಮ್ಮಲ್ಲಿ ಹೆಂಗಸರು ಬಿದಿರು ಸೀಳಿ ಬುಟ್ಟಿ ಹೆಣೆಯುತ್ತಿದ್ದರು. ಕೋಲಿನ ಕೆಲಸಕ್ಕೆ ಕೂಡುವವರು ಗಂಡಸರು. ಒಂದು ವರ್ಷ ಅಕ್ಕ ಮಧ್ಯಾಹ್ನದ ಬಿಡುವಿನಲ್ಲಿ ತಾನೇ ಒಂದು ಕೋಲು ಮಾಡಿ ಅಪ್ಪನ ಮುಂದೆ ಹಿಡಿದಳು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಕಾಕಾಗ ತೋರ್ಸೂಣು. ಅವ ಒಪ್ಪಿದ್ರ ನೀ ನನ್ನ ಬಾಜೂಕ ಕೋಲಿಗೆ ಕೂಡು. ಒಪ್ಪಲಿಲ್ಲಂದ್ರ ಮತ್ತ ಕೇಳಬ್ಯಾಡ, ಬುಟ್ಟಿ ಹೆಣಕೋತ ಇರು,” ಅಂದರು. ಕಾಕಾ ಅಂದರೆ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದ ಅಂಬಿಗರ ಕಾಕಾ. ಅವರು ಒಯ್ದ ಕೋಲನ್ನೇ ಉಳಿದವರೂ ಕೇಳಿಕೊಂಡು ಬರುತ್ತಿದ್ದರು.

ಕಾಕಾ ಬಂದದ್ದು ಒಂದು ಸೋಮವಾರ ಮುಂಜಾನೆ. ಒಂದು ಕೈಯಲ್ಲಿ ಹೊಳೆಯ ಉಸುಕಿನಲ್ಲಿ ಬೆಳೆದ ಕಲ್ಲಂಗಡಿ, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಗಂಟು.

“ಏನವಾ ಮೀನವ್ವಾ, ಈಜಾಕ ತಯಾರ ಅದಿಯೇನು?”

“ಇವತ್ತ ನಾ ಮೀನ ಅಲ್ಲ ಕಾಕಾ. ಇವತ್ತಿನ ಕೋಲು ನಂದು,” ಅಂದಳು ಅಕ್ಕ.

“ಹೌದಾ! ಹಂಗಾದ್ರ ಮೀನ ಯಾರು?”

ಅಕ್ಕ ನನ್ನ ಕಡೆ ಕೈ ಮಾಡಿದಳು. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇವನಾ? ಇಂಥಾವ ಗಾಳಕ್ಕ ಬಿದ್ರ ನಾ ಹೊಳಿಗಿ ವಾಪಸ್ ಒಗಿತೇನಿ.”

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಆದರೆ ಅಷ್ಟರಲ್ಲಿ ಕಾಕಾ ಗಂಟು ಬಿಚ್ಚಿದರು, ಸಿಟ್ಟು ಮರೆತೇಹೋಯಿತು.

ಅಂಥ ಕೋಲನ್ನು ನಾವು ಯಾರೂ ನೋಡಿರಲಿಲ್ಲ. ನೀರಿನಿಂದ ಎದ್ದ ಹಾವಿನ ಹಾಗೆ ಕಂದು ಬಣ್ಣ, ನುಣುಪು, ಮಿರುಗು. ಎರಡು ತುಂಡು ಒಂದರೊಳಗೊಂದು ಸೇರಿ ಒಂದೇ ಆಗುತ್ತಿತ್ತು. ಹಿಡಿಕೆ ಬಾಟಲಿಯ ಬಿರಡೆಯಂಥ ಹಗುರ ಬೂಚಿನದು. ಮುಂಬೈ ಬಂದರಿನಲ್ಲಿ ಕೆಲಸಕ್ಕಿದ್ದ ಕಾಕಾನ ಮೈದುನ ತಂದುಕೊಟ್ಟಿದ್ದಂತೆ. ಹಿಡಿಕೆಯ ಮೇಲೆ ಬಂಗಾರದ ಅಕ್ಷರ.

“ಜಪಾನದ್ದು. ಗಾಜಿನ ಎಳಿಲೆ ಮಾಡ್ಯಾರ,” ಅಂದರು ಕಾಕಾ.

“ಗಾಜಂದ್ರ ಒಡಿಯಂಗಿಲ್ಲೇನು?” ಎಂದು ಕೇಳಿದರು ಅಪ್ಪ.

“ಇಲ್ಲಂತ ಯಣ್ಣಾ. ನನಗೂ ನಂಬಿಕಿ ಬಂದಿಲ್ಲ. ಅದಕ್ಕ ಇಲ್ಲಿಗಿ ತಂದೇನಿ. ನಿಮ್ಮ ಮೀನ ಹೇಳ್ಲಿ.”

ಅಪ್ಪ ಕೈ ಎರಡನ್ನೂ ಧೋತರಕ್ಕೆ ಒರೆಸಿಕೊಂಡು ಆ ಕೋಲನ್ನು ಹಿಡಿದರು. ಮನೆಗೆ ಬಂದ ಬೀಗರ ಕೂಸನ್ನು ಎತ್ತಿಕೊಂಡ ಹಾಗೆ ಹಿಡಿದಿದ್ದರು. ಇದು ಅಕ್ಕ ಮಾಡಿದ ಕೋಲಲ್ಲವಲ್ಲ, ಅದಕ್ಕೆ ಅವಳೇ ಮೀನಾದಳು. ಕಾಕಾ ಕಟ್ಟೆ ಹತ್ತಿದರು. ಅಕ್ಕ ಬೇವಿನ ಗಿಡ ಸುತ್ತಿದಳು, ಜಗ್ಗಿದಳು, ಕೂತಳು, ಎದ್ದು ಓಡಿದಳು. ಕೊನೆಗೆ ದೂರ ನಿಂತು ಏನೂ ಮಾಡದವಳಂತೆ ಕಣ್ಣು ಕೆಳಗೆ ಹಾಕಿದಳು.

“ಕಾಕಾ, ಈಗ ನಾ ಬರೇ ಒಂದ ಬೆರಳ ಅಲುಗಿಸಿದ್ನಿ. ಗೊತ್ತಾತೇನು?”

“ಗೊತ್ತಾತವಾ. ಅಂಗೈಯಾಗ ಇರಿವಿ ಹರದಂಗ ಆತು.”

ಅಕ್ಕ ದಾರ ಬಿಚ್ಚಿದಳು. “ಭಾಳ ಛಲೋ ಕೋಲು. ಇಷ್ಟು ಛಲೋದ್ದನ್ನ ನಾ ಎಂದೂ ಎಳದಿಲ್ಲ,” ಅಂದಳು.

ಆಮೇಲೆ ಅವಳ ಕೋಲಿನ ಸರದಿ. ನಾನು ಮೀನು. ಇದ್ದ ಬಲವೆಲ್ಲ ಹಾಕಿ ಎಳೆದೆ, ಜಿಗಿದೆ, ಬೋರಲು ಬಿದ್ದೆ. “ಮೀನಲ್ಲೋ ಇದು, ಕಪ್ಪಿ ಹಾರಾಕತ್ತೈತಿ!” ಎಂದು ಕಾಕಾ ನಕ್ಕರು. ನಂತರ ಕಣ್ಣು ಮುಚ್ಚಿ ನಿಂತರು. ಅಕ್ಕ ಸನ್ನೆ ಮಾಡಿದಾಗ ನಾನು ಬೆರಳು ಅಲುಗಿಸಿದೆ. ಕಾಕಾ ಸುಮ್ಮನೆ ನಿಂತೇ ಇದ್ದರು. ಇನ್ನೊಮ್ಮೆ ಅಲುಗಿಸಿದೆ. ಅವರಿಗೆ ಏನೂ ತಿಳಿಯಲಿಲ್ಲ.

ಅವರು ಕಣ್ಣು ತೆರೆದು ಕೋಲನ್ನು ಗೋಡೆಗೆ ಒರಗಿಸಿದರು. “ಗಟ್ಟಿ ಐತವಾ. ದೊಡ್ಡ ಮೀನ ತಡೀತೈತಿ. ಆದ್ರ ತುದಿ ಮಾತಾಡಂಗಿಲ್ಲ. ಅದು ಜಪಾನದ್ದು, ಇದು ಬಾಗಲಕೋಟೀದು. ಇದರಾಗ ಯಾರ ತಪ್ಪೂ ಇಲ್ಲ.”

ಅಪ್ಪ ನೆಲ ನೋಡಿದರು. ಒಲೆಯ ಮೇಲೆ ಚಹಾ ಉಕ್ಕಿ ಸುಟ್ಟ ವಾಸನೆ ಬಂತು, ಯಾರೂ ಏಳಲಿಲ್ಲ. ಮರುದಿನದಿಂದ ಅಕ್ಕ ಬುಟ್ಟಿಗೇ ಕೂಡಬೇಕು, ಅದು ನನಗೂ ತಿಳಿಯಿತು.

“ಕಾಕಾ, ಚಹಾ ಕುಡೀರಿ. ಅಷ್ಟ್ರಾಗ ಬಂದೆ,” ಅಂದಳು ಅಕ್ಕ.

ಅವಳು ಜಪಾನಿನ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ಹಿಡಿಕೆಯಿಂದ ತುದಿಯವರೆಗೆ ಬೆರಳಾಡಿಸಿದಳು. ಮತ್ತೆ ತುದಿಯಿಂದ ಹಿಡಿಕೆಗೆ. ಆಮೇಲೆ ತನ್ನ ಕೋಲಿನ ಮೇಲೆ. ತುದಿಯಿಂದ ಒಂದು ಗೇಣಿನಷ್ಟು ಕೆಳಗೆ, ಬಿದಿರಿನ ಗೆಣ್ಣಿನ ಹತ್ತಿರ, ಅವಳ ಬೆರಳು ನಿಂತಿತು.

“ಅಪ್ಪಾ, ಇಲ್ಲೈತಿ ನೋಡು. ಅದು ಹಿಡೀಲಿಂದ ತುದೀತನಾ ಸಾವಕಾಶ ಸಣ್ಣ ಆಗ್ಕೋತ ಹೋಗೈತಿ. ನಂದು ಈ ಗೆಣ್ಣಿಗಿ ಬಂದು ಹಟಾ ಹಿಡಿತೈತಿ.”

ಹೇಳಿದವಳೇ ಅಪ್ಪನ ಸಣ್ಣ ಕತ್ತಿ ತೆಗೆದುಕೊಂಡು ತುದಿಯನ್ನು ಕತ್ತರಿಸಿಬಿಟ್ಟಳು. ಬುಟ್ಟಿಗೆಂದು ಇಟ್ಟಿದ್ದ ಬಿದಿರಿನಿಂದ ಗೆಣ್ಣಿಲ್ಲದ ಒಂದು ಸೀಳು ಆರಿಸಿದಳು. ಮೇಲಿನ ಸಿಪ್ಪೆಯನ್ನು ಮುಟ್ಟದೆ ಒಳಗಿನ ತಿರುಳನ್ನಷ್ಟೇ ಹೆರೆದಳು. ಬಿದಿರಿನ ಬಲವೆಲ್ಲ ಸಿಪ್ಪೆಯಲ್ಲೇ ಇರುತ್ತದೆ. ಮೊರದ ಅಂಚಿಗೆ ಹೆಂಗಸರು ಹೀಗೆ ಹೆರೆಯುತ್ತಿದ್ದರು, ಕೋಲಿಗೆ ಯಾರೂ ಹೆರೆದಿರಲಿಲ್ಲ. ಹೆರೆದ ಎಳೆಗಳು ಅವಳ ಮಡಿಲಲ್ಲಿ ಉಗುರಿನ ಹಾಗೆ ಸುರುಳಿ ಸುರುಳಿಯಾಗಿ ಬೀಳುತ್ತಿದ್ದವು. ಕೋಲಿನ ತಲೆಯನ್ನು ಓರೆಯಾಗಿ ಕೆತ್ತಿ, ಹೊಸ ತುದಿಯ ಬುಡವನ್ನೂ ಓರೆಯಾಗಿ ಕೆತ್ತಿ, ಎರಡನ್ನೂ ಕೂಡಿಸಿದಳು. ಇಳಕಲ್ಲಿನ ಮಗ್ಗದ ಮನೆಯಿಂದ ಅತ್ತೆ ತಂದುಕೊಟ್ಟಿದ್ದ ಕೆಂಪು ರೇಷ್ಮೆ ಎಳೆ ಅವಳ ಹೆರಳಲ್ಲಿತ್ತು. ಅದನ್ನೇ ಬಿಚ್ಚಿ, ಮೇಣ ಸವರಿ, ಸುತ್ತಿಗೆ ಸುತ್ತು ತಾಗುವಂತೆ ಬಿಗಿದಳು.

ಕಾಕಾನ ಚಹಾ ಎರಡು ಸಲ ಮುಗಿದಿತ್ತು. “ಊಟಾನೂ ಇಲ್ಲೇ ಹಾಕ್ತೀಯೇನವಾ?” ಅಂದರು.

ಅಕ್ಕ ಕೋಲನ್ನು ಅವರ ಕೈಗೆ ಕೊಟ್ಟಳು. ನಾನು ದಾರ ಸುತ್ತಿಕೊಳ್ಳಲು ಹೋದೆ. “ನೀ ಬ್ಯಾಡೋ. ಇದಕ್ಕ ಖರೇ ಮೀನ ಬೇಕು,” ಎಂದು ಅವಳು ಅಪ್ಪನ ಕಡೆ ತಿರುಗಿದಳು. “ಅಪ್ಪಾ, ನೀ ಆಗು.”

“ನಾನಾ?”

“ಕೋಲು ಮಾಡಿದಾಕಿ ನಾ. ನೀ ಆಗಬಹುದಲ್ಲ?”

ಅಪ್ಪ ಅವಳನ್ನೇ ನೋಡಿದರು. ತಲೆಗೆ ಸುತ್ತಿದ ರುಮಾಲು ತೆಗೆದು ಕಟ್ಟೆಯ ಮೇಲೆ ಇಟ್ಟರು. ಧೋತರದ ಕಚ್ಚೆ ಬಿಗಿದರು. ದಾರವನ್ನು ಮುಂಗೈಗೆ ಸುತ್ತಿಕೊಂಡು ಅಂಗಳದ ಆ ತುದಿಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತರು. ಓಣಿಯ ಹೆಂಗಸರು ಬಾಗಿಲಿಗೆ ಬಂದರು.

ಬಹಳ ಹೊತ್ತು ಏನೂ ಆಗಲಿಲ್ಲ. ಕಾಕಾ ಕಣ್ಣು ಮುಚ್ಚಿದ್ದರು. ಕೋಲಿನ ತುದಿ ಒಮ್ಮೆ, ಕೂಸು ನಿದ್ದೆಯಲ್ಲಿ ಹೂಂಗುಟ್ಟಿದಂತೆ, ತಲೆ ಅಲ್ಲಾಡಿಸಿತು.

“ಮುಟ್ಟಿತು!” ಎಂದು ಕೂಗಿದರು ಕಾಕಾ.

ಅವರ ಬಾಯಿ ಮುಚ್ಚುವ ಮೊದಲೇ ಅಪ್ಪ ಓಡಿದರು. ನಾನು ಹುಟ್ಟಿದಾಗಿನಿಂದ ಅಪ್ಪ ಓಡಿದ್ದನ್ನು ಕಂಡವನಲ್ಲ. ಬೇವಿನ ಗಿಡ ಸುತ್ತಿದರು, ಏಣಿಗಳ ಹಿಂದೆ ಅಡಗಿದರು, ಅಲ್ಲಿಂದ ಒಮ್ಮೆಲೇ ಜಗ್ಗಿದರು. ಕೋಲು ಕಮಾನಾಯಿತು. ಕಾಕಾ ಕಟ್ಟೆಯ ಮೇಲೆ ಜಾರುತ್ತ ಅಂಚಿಗೆ ಬಂದರು.

“ಯಣ್ಣಾ, ಸಾವಕಾಶ! ನಾ ಬಿದ್ನಿ!”

“ಹೊಳ್ಯಾಗ ಮೀನಿಗೂ ಹಿಂಗ ಹೇಳ್ತೀಯೇನಲೇ?” ಎಂದು ಅಪ್ಪ ಓಡುತ್ತಲೇ ಕೂಗಿದರು.

ಅಕ್ಕ ಇಬ್ಬರನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಆ ಕೆಂಪು ರೇಷ್ಮೆಯ ಮೇಲೆ. ಕೋಲು ಬಾಗಿದಾಗೆಲ್ಲ ಅವಳ ಕತ್ತೂ ಬಾಗುತ್ತಿತ್ತು. ರೇಷ್ಮೆ ಬಿಚ್ಚಲಿಲ್ಲ. ಕೊನೆಗೆ ಅಪ್ಪ ಬುಟ್ಟಿಗಳ ರಾಶಿಗೆ ಹೋಗಿ ಬಡಿದರು. ಬುಟ್ಟಿಗಳು ಉರುಳುತ್ತ ಓಣಿಗೆ ಹೋದವು. ಅಪ್ಪ ಅಲ್ಲೇ ಕೂತು ನಗತೊಡಗಿದರು.

ಕಾಕಾ ಎರಡು ಕೋಲನ್ನೂ ಬಹಳ ಹೊತ್ತು ತೂಗಿ ನೋಡಿದರು. “ಸುಳ್ಳ ಯಾಕ ಹೇಳ್ಲಿ? ಸಣ್ಣ ಮಾತನ್ನ ಜಪಾನದ್ದ ಇನ್ನೂ ಒಂಚೂರು ಚೆಂದ ಹೇಳ್ತೈತಿ. ಆದ್ರ ಬಾಳಿ ಮೀನಿಗಿ ನಾ ಇದನ್ನ ಒಯ್ತೇನಿ.” ಇಳಿದು ನಿಂತು ಕೇಳಿದರು, “ಹೊಳ್ಯಾಗ ಯಾರರ ಇದು ಎಲ್ಲೀದು ಅಂದ್ರ ಏನ ಹೇಳ್ಲಿ? ಅದರ ಮ್ಯಾಲೆ ಜಪಾನ ಅಂತ ಬರದಾರ. ಇದರ ಮ್ಯಾಲೆ ಏನೂ ಇಲ್ಲ.”

“ನನ್ನ ಮಗಳು ಮಾಡ್ಯಾಳ ಅನ್ನು,” ಅಂದರು ಅಪ್ಪ. ಅವರ ಏದುಸಿರು ಇನ್ನೂ ಇಳಿದಿರಲಿಲ್ಲ. ಆಮೇಲೆ ಜಪಾನಿನ ಕೋಲಿನ ಮೇಲೆ ಕೈ ಆಡಿಸಿ, “ಇದಕ್ಕೂ ಅಲ್ಲಿ ಯಾರರ ಹಿಂಗ ಓಡಿರಬೇಕು ಬಿಡು. ಓಡದ ಇಷ್ಟು ಛಲೋ ಆಗಂಗಿಲ್ಲ,” ಅಂದರು.

ಆ ಮಧ್ಯಾಹ್ನ ಅಪ್ಪ ತಾವು ಕೂಡುವ ಗೋಣಿತಟ್ಟಿನ ಮೇಲೆ ಒಂದು ಬದಿಗೆ ಸರಿದು ಕೂತರು. ಅಕ್ಕ ಏನೂ ಕೇಳದೆ ಪಕ್ಕದಲ್ಲಿ ಕೂತಳು.

ಮಕ್ಕಳೇ, ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ನಾವೆಲ್ಲ ನವನಗರಕ್ಕೆ ಬಂದೆವು. ನೀವು ದಂಡೆಗೆ ಹೋಗುತ್ತೀರಿ, ಮೀನು ಹಿಡಿದು, ಅದರ ಜಾತಿ, ಉದ್ದ ಬರೆದುಕೊಂಡು ನೀರಿಗೇ ಬಿಟ್ಟು ಬರುತ್ತೀರಿ. ನಮ್ಮ ಕಾಲದಲ್ಲಿ ಮೀನನ್ನು ಹೀಗೆ ಮಾತಾಡಿಸಿ ಕಳಿಸಿದವರನ್ನು ನಾನು ನೋಡಿರಲಿಲ್ಲ. ನಮ್ಮ ಕೋಲು ಯಾರ ಕೈಯಲ್ಲಿ ಆಯಿತು, ಯಾರ ಓಟಕ್ಕೆ ಬಾಗಿತು ಎಂಬುದು ನಮಗೆ ಗೊತ್ತಿರುತ್ತಿತ್ತು. ನಿಮ್ಮ ಕೋಲು ಡಬ್ಬಿಯಲ್ಲಿ ಬರುತ್ತದೆ, ಮಡಚಿದರೆ ಚೀಲದಲ್ಲಿ ಹಿಡಿಯುತ್ತದೆ, ಅದರ ಮೇಲೆ ಚೀನಾ ಎಂದಿದೆ. ನಾನು ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸಿ ನೋಡಿದ್ದೇನೆ. ಎಲ್ಲಿಯೂ ಹಟ ಇಲ್ಲ. ತುದಿಯಂತೂ ಗಾಳಿ ಬೀಸಿದರೂ ಹೇಳುತ್ತದೆ. ಮಾಡಿದವರಿಗೆ ಮನಸ್ಸಿನಲ್ಲೇ ಶರಣು ಅಂದೆ.

ಅಕ್ಕ ಈಗ ಇಳಕಲ್ಲಿನಲ್ಲಿದ್ದಾಳೆ. ಮೊನ್ನೆ ಅವಳಿಗೆ ನಿಮ್ಮ ಆ ಕೋಲಿನ ಫೋಟೋ ಕಳಿಸಿ, ಹೇಗಿದೆ ಎಂದು ಕೇಳಿದೆ. ಫೋನಿನಲ್ಲಿ ಬೈದಳು: “ಫೋಟೋ ನೋಡಿ ಕೋಲಿನ ಗುಣಾ ಹೇಳಾಕ ಬರ್ತೈತೇನೋ? ಮುಂದಿನ ಐತಾರ ಬರ್ತೇನಿ. ಮಾಳಿಗಿ ಹಸನು ಮಾಡಿ ಇಡ್ರಿ. ಮೊಣಕಾಲು ನೋಯ್ತಾವು, ಓಡೂದು ಆಗಂಗಿಲ್ಲ. ಕೂತ ಎಳಿತೇನಿ.”

ಅಜ್ಜ ಹೇಳಿ ಮುಗಿಸಿದ್ದು ಎಂಟು ಐವತ್ತಕ್ಕೆ. ಮಾಳಿಗೆ ಗುಡಿಸಿದ್ದು ಒಂಬತ್ತೂಕಾಲಿಗೆ. ನನ್ನ ಕೋಲಿನ ಮೇಲೆ ದೇಶದ ಹೆಸರಿದೆ, ಊರಿನ ಹೆಸರಿಲ್ಲ. ಅದು ಯಾವ ಊರು, ಅಲ್ಲಿ ಹೊಸ ಕೋಲಿನ ದಾರ ಹಿಡಿದು ಎಳೆದು ನೋಡುವವರು ಮನುಷ್ಯರೋ ಯಂತ್ರವೋ, ಮನುಷ್ಯರಾದರೆ ಅವರು ಯಾವ ಯಾವ ಮೀನಾಗುತ್ತಾರೆ ಎಂದು ಬಲ್ಲವರಿದ್ದರೆ ನನಗೆ ಬರೆದು ತಿಳಿಸಿ. ಮುಂದಿನ ಭಾನುವಾರದೊಳಗೆ ತಿಳಿದರೆ ಇನ್ನೂ ಒಳ್ಳೆಯದು. ಅಜ್ಜನ ಅಕ್ಕ ಬಂದ ಕೂಡಲೇ ಮೊದಲು ಅದನ್ನೇ ಕೇಳುತ್ತಾರೆ.