ದೆಹಲಿಯಲ್ಲಿ ಕಲಿತ ಬಾಯಾರಿಕೆ

ದೆಹಲಿಗೆ ಬಂದ ಮೊದಲ ವಾರ ಇಲ್ಲಿ ನನಗಿಂತ ಮೊದಲೇ ಕೆಲಸಕ್ಕಿದ್ದ ಹೆಂಗಸರು ನನಗೆ ಕಲಿಸಿದ ಮೊದಲ ಪಾಠ ನೀರು ಕುಡಿಯದೆ ಇರುವುದು. ಬೆಳಿಗ್ಗೆ ಅರ್ಧ ಲೋಟ ಚಹಾ, ಆಮೇಲೆ ಡ್ಯೂಟಿ ಮುಗಿಯುವ ತನಕ ಗಂಟಲಿಗೆ ಏನೂ ಇಳಿಸಬಾರದು. ಹೊರಗೆ ಮೇ ತಿಂಗಳ ಲೂ ಬೀಸುತ್ತಿತ್ತು. ಲೂ ಅಂದರೆ ರಾಜಸ್ಥಾನದ ಕಡೆಯಿಂದ ಬರುವ ಬಿಸಿಗಾಳಿ, ಒಲೆಯ ಮುಂದೆ ಮುಖ ಇಟ್ಟುಕೊಂಡು ಕೂತ ಹಾಗಿರುತ್ತದೆ. ನಾನು ಬಾಟಲಿ ಎತ್ತಿದ್ದೇ ತಡ, ಪಕ್ಕದ ಮಂಚದ ಸರಿತಾ ಕೈ ಹಿಡಿದಳು. "ಮತ್ ಪೀ, ಪಛ್ತಾಯೇಗೀ" ಅಂದಳು. ಕುಡಿಯಬೇಡ, ಆಮೇಲೆ ಪರದಾಡ್ತೀಯ ಅಂತ. ನಾನು ತಮಾಷೆ ಅಂದುಕೊಂಡು ಕುಡಿದೆ. ಅವತ್ತು ಮಧ್ಯಾಹ್ನದ ಹೊತ್ತಿಗೆ ತಮಾಷೆಯೇನೂ ಉಳಿದಿರಲಿಲ್ಲ.

ನಾನು ಕೇಂದ್ರದ ಒಂದು ಸಶಸ್ತ್ರ ಪಡೆಯಲ್ಲಿ ಕಾನ್‌ಸ್ಟೇಬಲ್. ಯಾವ ಪಡೆ ಅಂತ ಬರೆಯುವುದಿಲ್ಲ, ನೌಕರಿ ಬೇಕು. ನನ್ನ ಊರು ರಾಣೆಬೆನ್ನೂರಿನ ಹತ್ತಿರ. ದೆಹಲಿಯಲ್ಲಿ ಸರ್ಕಾರಿ ಕಚೇರಿಗಳ ಒಂದು ದೊಡ್ಡ ಆವರಣವಿದೆ, ಸುತ್ತಲೂ ಗೇಟುಗಳು. ಒಂದೊಂದು ಗೇಟಿನಲ್ಲೂ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಹೆಂಗಸರ ಸಾಲಿಗೆ ಪರದೆ ಕಟ್ಟಿದ ಒಂದು ಗೂಡು. ಅದರೊಳಗೆ ನಿಂತು, ಒಳಗೆ ಹೋಗುವ ಪ್ರತಿ ಹೆಂಗಸಿನ ಮೈ ತಡವಿ ಪರೀಕ್ಷಿಸಿ ಬಿಡುವುದು ನನ್ನ ಕೆಲಸ. ಹೆಂಗಸರನ್ನು ಹೆಂಗಸೇ ಮುಟ್ಟಬೇಕು, ಅದು ಕಾಯಿದೆ. ಗೇಟಿಗೆ ಒಬ್ಬಳೇ ಹೆಂಗಸು, ಅದೂ ಕಾಯಿದೆಯ ಹಾಗೇ ಆಗಿಹೋಗಿದೆ. ನಾನು ಎರಡು ನಿಮಿಷ ಪಕ್ಕಕ್ಕೆ ಹೋದರೆ ಸಾಲು ನಿಲ್ಲುತ್ತದೆ. ಸಾಲು ನಿಂತರೆ ಫೈಲು ಹಿಡಿದ ಮೇಡಮ್ಮುಗಳು ದೂರು ಹೇಳಲು ಫೋನ್ ತೆಗೆಯುತ್ತಾರೆ. ಹಾಗೆ ಒಮ್ಮೆ ಹೋಗಿ ಬಂದದ್ದಕ್ಕೆ ನನ್ನನ್ನು ಬೆನ್ನ ಮೇಲೆ ಭಾರದ ಚೀಲ ಹೊರಿಸಿ ಮೈದಾನದಲ್ಲಿ ಓಡಿಸಿದ್ದಾರೆ. ಓಡಿದ ಮೇಲೂ ನಾನು ನೀರು ಕುಡಿಯಲಿಲ್ಲ, ಏಕೆಂದರೆ ಆಮೇಲೆ ಮತ್ತೆ ಗೇಟಿತ್ತು.

ಇದನ್ನೆಲ್ಲ ಊರಿನವರಾದ ನಿಮಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ನೀವು ನನ್ನ ಯೂನಿಫಾರ್ಮಿನ ಫೋಟೋವನ್ನು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿ ಕೆಳಗೆ ಬಾವುಟ ಅಂಟಿಸುತ್ತೀರಿ. ನಮ್ಮೂರಿನ ಹೆಣ್ಣುಹುಲಿ ಅಂತ ಬರೆಯುತ್ತೀರಿ. ಹೋದ ಸಲ ರಜೆಗೆ ಬಂದಾಗ ಶಾಲೆಯಲ್ಲಿ ಶಾಲು ಹೊದಿಸಿ, ಮಕ್ಕಳಿಗೆ ನಾಲ್ಕು ಮಾತು ಹೇಳು ಅಂದಿರಿ. ಏನು ಹೇಳಬೇಕಿತ್ತು? ದೇಶದ ರಾಜಧಾನಿಯಲ್ಲಿ ಹುಲಿಗಳು ಉಚ್ಚೆ ಕಟ್ಟಿಕೊಂಡು ನಿಲ್ಲುತ್ತವೆ ಅಂತ ಹೇಳಬೇಕಿತ್ತು. ಹೇಳಲಿಲ್ಲ, ಶಾಲು ಮಡಚಿಕೊಂಡು ಬಂದೆ.

ನಮ್ಮ ಕ್ಯಾಂಪ್ ಇರುವುದು ಘಾಜಿಯಾಬಾದಿನ ಕಡೆ. ಉದ್ದನೆಯ ಶೆಡ್ಡು, ಸಾಲು ಮಂಚ, ಮಂಚದ ಕೆಳಗೊಂದು ಕಬ್ಬಿಣದ ಪೆಟ್ಟಿಗೆ. ನನ್ನ ಸಂಸಾರ ಅಷ್ಟೇ. ಬೆಳಕು ಹರಿಯುವ ಮುಂಚೆ ಬಸ್ಸು ಹತ್ತಿಸಿಕೊಂಡು ಹೋಗುತ್ತಾರೆ. ಮೆಸ್ಸಿನಲ್ಲಿ ರೋಟಿ. ನಮ್ಮ ರೊಟ್ಟಿ ಅಲ್ಲ, ಗೋಧಿಯದು. ಬಿಸಿಯಿದ್ದಾಗ ಚೆನ್ನಾಗೇ ಇರುತ್ತದೆ, ಆದರೆ ನಮ್ಮ ಪಾಲಿಗೆ ಬಿಸಿ ಯಾವತ್ತೂ ಬರುವುದಿಲ್ಲ. ಅನ್ನ ಕೇಳಿದರೆ ಅಡುಗೆಯವನು "ಮದ್ರಾಸಿ ಲೋಗ್" ಅಂತ ನಗುತ್ತಾನೆ. ನಾನು ಮದ್ರಾಸು ನೋಡಿಯೇ ಇಲ್ಲ. ಮೊದಮೊದಲು ಕರ್ನಾಟಕ, ಹಾವೇರಿ, ರಾಣೆಬೆನ್ನೂರು ಅಂತ ಬಿಡಿಸಿ ಹೇಳುತ್ತಿದ್ದೆ. ಆಮೇಲೆ ಸಾಕಾಯಿತು. ಚಳಿಗಾಲದಲ್ಲಿ ಹೊಗೆ ಬೆರೆತ ಮಂಜು ಕವಿದು ಗೇಟಿನಿಂದ ಗೇಟು ಕಾಣುವುದಿಲ್ಲ, ಕೆಮ್ಮಿ ಕೆಮ್ಮಿ ಪಕ್ಕೆ ನೋಯುತ್ತದೆ. ಆದರೂ ನಾನು ಚಳಿಗಾಲವನ್ನೇ ಕಾಯುತ್ತಿದ್ದೆ, ಆಗ ಬಾಯಾರಿಕೆ ಕಡಿಮೆ.

ಒಂದು ದಿನ ಅವ್ವನಿಗೆ ಫೋನಿನಲ್ಲಿ ಹೇಳಿಬಿಟ್ಟೆ. ನಮ್ಮವ್ವ ಟೊಮೆಟೊ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾಳೆ. ಬೀಜದ ಕಂಪನಿಗಳಿಗಾಗಿ ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದು ಗಿಡದ ಹೂವಿಗೆ ಮುಟ್ಟಿಸುವ ಕೆಲಸ ಅದು, ನಮ್ಮ ಕಡೆ ಹೆಂಗಸರೇ ಮಾಡುವುದು. ಮದುವೆಗೆ ಮುಂಚೆ ನಾನೂ ಮಾಡಿದ್ದೇನೆ.

"ಅಷ್ಟು ದೊಡ್ಡ ದಿಲ್ಲಿಯಾಗ ಒಂದ್ ಹೆಣ್ಮಗಳಿಗೆ ಕುಂದ್ರಾಕ ಜಾಗ ಇಲ್ಲೇನವ್ವಾ?" ಅಂದಳು ಅವ್ವ. "ನಾವರ ಬದುವಿನ ಮರೆಗೆ ಹೋಗಿ ಬರ್ತೀವಿ. ಮಾಲಕ ಏನೂ ಅನ್ನಂಗಿಲ್ಲ."

"ಜಾಗ ಐತವ್ವಾ. ಕಟ್ಟಡದ ಒಳಗ ಐತಿ. ಹೋಗಾಕ ಬಿಡಂಗಿಲ್ಲ."

"ಮತ್ತ ಅಂಥಾ ನೌಕರಿ ಯಾಕ?"

ಯಾಕೆ ಅಂತ ಅವಳಿಗೂ ಗೊತ್ತು. ನನ್ನ ಮಗಳು ಭೂಮಿ ಅವಳ ಹತ್ತಿರವೇ ಬೆಳೆಯುತ್ತಿದ್ದಾಳೆ. ಗಂಡ ಮಂಜುನಾಥ ಬೀಜದ ಕಂಪನಿಯ ವ್ಯಾನ್ ಓಡಿಸುತ್ತಾರೆ, ವಾರದಲ್ಲಿ ಅರ್ಧಕ್ಕರ್ಧ ದಿನ ಊರಲ್ಲಿರುವುದಿಲ್ಲ. ಭೂಮಿ ಅಜ್ಜಿಯನ್ನು ಅವ್ವಾ ಅನ್ನುತ್ತಾಳೆ, ನನ್ನನ್ನು ದಿಲ್ಲಿ ಅವ್ವಾ ಅನ್ನುತ್ತಾಳೆ. ನನ್ನ ಆಸೆಯೆಲ್ಲ ಬೆಂಗಳೂರಿನ ಪೋಸ್ಟಿಂಗ್ ಮೇಲಿತ್ತು. ದೆಹಲಿಯಲ್ಲಿ ಇಷ್ಟು ವರ್ಷ ಕಳೆದವರಿಗೆ ಊರಿನ ಹತ್ತಿರದ ಜಾಗ ಕೇಳುವ ಹಕ್ಕಿದೆ. ನನ್ನ ಸರದಿ ಬಂದಿತ್ತು. ಬೆಂಗಳೂರಿಗೆ ಹೋದರೆ ಕ್ವಾರ್ಟರ್ಸ್ ಸಿಗುತ್ತದೆ, ಮಗಳನ್ನು ಅಲ್ಲೇ ಒಂದನೇ ಕ್ಲಾಸಿಗೆ ಸೇರಿಸಬಹುದು. ಅದೊಂದಕ್ಕಾಗಿ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಆಗ ಸರಿತಾ ಬಿದ್ದಳು. ಅವಳು ಹರಿಯಾಣದ ರೇವಾಡಿಯ ಕಡೆಯವಳು, ಗಟ್ಟಿಮುಟ್ಟಾದ ಹುಡುಗಿ, ಕುಸ್ತಿ ಆಡಿದವಳು. ನನ್ನ ಪಕ್ಕದ ಗೇಟಿನಲ್ಲಿ ಪರದೆಯೊಳಗೆ ನಿಂತವಳು ಪರದೆಯನ್ನೇ ಹಿಡಿದೆಳೆದುಕೊಂಡು ನೆಲಕ್ಕೆ ಬಿದ್ದಳು. ಎರಡು ದಿನದಿಂದ ಜ್ವರವಿತ್ತು, ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ಮೂತ್ರದ ಸೋಂಕು ಕಿಡ್ನಿಗೆ ಹತ್ತಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ನಮಗೇ ಬೈದರು. ಸರಿತಾಳ ತುಟಿ ಒಡೆದು ರಕ್ತ ಒಣಗಿತ್ತು. ನರ್ಸು ನೀರಿನ ಲೋಟ ಹಿಡಿದರೆ ಅವಳು ಅಭ್ಯಾಸದಿಂದ ತಲೆ ಆಡಿಸಿ ಬೇಡ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತಿನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅದೇ ತಿಂಗಳು ನಮ್ಮಲ್ಲಿ ಸೈನಿಕ ಸಮ್ಮೇಳನ ಬಂತು. ಕಮಾಂಡೆಂಟ್ ಸಾಹೇಬರು ಎಲ್ಲ ಜವಾನರನ್ನು ಮುಂದೆ ಕೂರಿಸಿಕೊಂಡು, ಯಾರಿಗೇನು ತೊಂದರೆ ಇದೆ ಹೇಳಿ ಅನ್ನುವ ಸಭೆ ಅದು. ತೊಂದರೆಗೆ ಇಲ್ಲಿ ಪಾಯಿಂಟ್ ಅನ್ನುತ್ತಾರೆ. "ಕೋಯೀ ಪಾಯಿಂಟ್?" ಅಂತ ಸಾಹೇಬರು ಕೇಳಬೇಕು, ಯಾರೋ ಇಬ್ಬರು ಎದ್ದು ಪಾಯಿಂಟ್ ಹೇಳಬೇಕು, ಸಾಹೇಬರು ಅಲ್ಲೇ ಮಂಜೂರು ಮಾಡಬೇಕು, ಎಲ್ಲರೂ ಚಪ್ಪಾಳೆ ಹೊಡೆಯಬೇಕು. ಇದು ನಿಜವಾದ ಸಭೆ ಅಂತ ಹೊಸಬಳಾಗಿದ್ದಾಗ ನಾನು ನಂಬಿದ್ದೆ. ಆಮೇಲೆ ಗೊತ್ತಾಯಿತು, ಅದಕ್ಕೆ ಹಿಂದಿನ ದಿನ ರಿಹರ್ಸಲ್ ಇರುತ್ತದೆ. ಯಾರು ಏಳಬೇಕು, ಯಾವ ಪಾಯಿಂಟ್ ಹೇಳಬೇಕು, ಎಲ್ಲ ಮೊದಲೇ ತೀರ್ಮಾನ. ಸೊಳ್ಳೆ ಪರದೆ, ಕೂಲರಿನ ಪಂಪು, ಇಂಥವು. ಸಾಹೇಬರು ಹೂಂ ಅನ್ನಲು ಸುಲಭವಾದ ಕಷ್ಟಗಳನ್ನೇ ಆರಿಸಿಡುತ್ತಾರೆ. ಊರಿನ ಗ್ರಾಮಸಭೆಯಲ್ಲಾದರೂ ಜನ ಕುರ್ಚಿ ಎತ್ತಿ ಜಗಳ ಮಾಡುತ್ತಾರೆ. ಇಲ್ಲಿ ನಮ್ಮ ಗೋಳಿಗೂ ಡ್ರಿಲ್ ಮಾಡಿಸುತ್ತಾರೆ.

ಆ ಸಲದ ಪಾಯಿಂಟ್ ನನ್ನ ಪಾಲಿಗೆ ಬಂತು. ರಿಹರ್ಸಲ್ ನೋಡಿಕೊಳ್ಳುವ ಇನ್ಸ್‌ಪೆಕ್ಟರ್ ತಿವಾರಿ ಸಾಹೇಬರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಕೆಟ್ಟ ಮನುಷ್ಯ ಅಲ್ಲ, ನನ್ನನ್ನು ಬೇಟಾ ಅನ್ನುತ್ತಿದ್ದರು. ದಕ್ಷಿಣದ ಹುಡುಗಿ ಎದ್ದು ನಿಂತು ಹಿಂದಿಯಲ್ಲಿ ಮಾತಾಡಿದರೆ ಕಮಾಂಡೆಂಟ್ ಸಾಹೇಬರಿಗೆ ಖುಷಿಯಾಗುತ್ತದೆ ಅಂತ ಅವರ ಲೆಕ್ಕ. ಮಹಿಳಾ ಬ್ಯಾರಕ್ಕಿನ ಟಿವಿ ಕೆಟ್ಟಿದೆ ಅನ್ನುವುದು ನನ್ನ ಪಾಯಿಂಟ್.

"ಸಾಹೇಬ್, ಸರಿತಾ ವಿಷಯ ಹೇಳಲಾ? ಗೇಟಿಗೆ ರಿಲೀವರ್ ಬೇಕು ಅಂತ?" ಅಂತ ಹಿಂದಿಯಲ್ಲಿ ಕೇಳಿದೆ. ರಿಲೀವರ್ ಅಂದರೆ ಗೇಟಿನಿಂದ ಗೇಟಿಗೆ ಹೋಗಿ, ಹತ್ತು ನಿಮಿಷ ನಿಂತು, ಅಲ್ಲಿಯವಳನ್ನು ಬಿಡಿಸುವವಳು. ಗಂಡಸರ ಸಾಲಿಗೆ ಆ ಏರ್ಪಾಟು ಮೊದಲಿನಿಂದಲೂ ಇದೆ.

ತಿವಾರಿ ಸಾಹೇಬರು ಆಚೀಚೆ ನೋಡಿ ದನಿ ತಗ್ಗಿಸಿದರು. "ಬೇಟಾ, ನಿನ್ನ ಬೆಂಗಳೂರು ಫೈಲ್ ಮೇಜಿನ ಮೇಲಿದೆ. ಈಗ ಚುಪ್‌ಚಾಪ್ ಟಿವಿ ಮಾಂಗ್ ಲೇ." ಸುಮ್ಮನೆ ಟಿವಿ ಕೇಳು.

ಮರುದಿನ ಹೆಸರು ಕರೆದಾಗ ಎದ್ದೆ. ಎದುರಿಗೆ ಕಮಾಂಡೆಂಟ್ ಸಾಹೇಬರು, ಹಿಂದೆ ಮೈದಾನದ ತುಂಬ ಗಂಡಸರು. ಟಿವಿ ಅನ್ನುವ ಮಾತು ತುದಿನಾಲಿಗೆಯಲ್ಲೇ ಇತ್ತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಆಸ್ಪತ್ರೆಯಿಂದ ವಾಪಸಾಗಿದ್ದ ಸರಿತಾ ಕಂಡಳು. ಅವಳ ಬೂಟಿನ ಪಕ್ಕ ನೀರಿನ ಬಾಟಲಿ, ಮುಚ್ಚಳದ ಸೀಲು ಒಡೆದಿರಲಿಲ್ಲ. ನಾನು ಹೇಳಿಬಿಟ್ಟೆ. ಸಾಹೇಬ್, ಗೇಟಿನಲ್ಲಿ ನಾವು ಹೆಂಗಸರು ನೀರು ಕುಡಿಯುವುದಿಲ್ಲ, ಕುಡಿದರೆ ಬಾತ್‌ರೂಮಿಗೆ ಹೋಗಬೇಕು, ಹೋದರೆ ಶಿಕ್ಷೆ ಆಗುತ್ತದೆ, ಗಂಡಸರಿಗೆ ರಿಲೀವರ್ ಇದ್ದಾರೆ, ನಮಗೆ ಇಲ್ಲ, ಅದರಿಂದ ಒಬ್ಬಳ ಕಿಡ್ನಿ ಹಾಳಾಗುತ್ತಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ತಿವಾರಿ ಸಾಹೇಬರು ನೆಲ ನೋಡುತ್ತಿದ್ದರು.

ಕಮಾಂಡೆಂಟ್ ಸಾಹೇಬರು "ಗುಡ್ ಪಾಯಿಂಟ್. ನಾಳೆಯಿಂದ ರಿಲೀವರ್ ಹಾಕಿ" ಅಂದರು. ಚಪ್ಪಾಳೆ ಬಿತ್ತು. ಇಷ್ಟು ಸುಲಭವಾಗಿದ್ದರೆ ಇಷ್ಟು ವರ್ಷ ಯಾಕೆ ಮಾಡಲಿಲ್ಲ ಅಂತ ಕೂಗಬೇಕೆನ್ನಿಸಿತು. ಜೈ ಹಿಂದ್ ಸಾಹೇಬ್ ಅಂದು ಕೂತೆ.

ಸಂಜೆ ತಿವಾರಿ ಸಾಹೇಬರು ಕರೆಸಿದರು. ಬೈಯಲಿಲ್ಲ. "ಪಾಯಿಂಟ್ ನಿನ್ನದೇ ಅಲ್ಲವಾ? ನೀನೇ ರಿಲೀವರ್" ಅಂದರು.

ಹಾಗೆ ನಾನು ಗೇಟಿನಿಂದ ಗೇಟಿಗೆ ನಡೆಯುವವಳಾದೆ. ನನ್ನ ಗೇಟಿನ ಹೆಂಗಸರ ಸಾಲನ್ನು ಪಕ್ಕದ ಗೇಟಿಗೆ ಸೇರಿಸಿದರು. ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು, ಆ ಕೆಲಸ ನನಗೆ ಸೇರಿತು. ಪರದೆ ಸರಿಸಿದ ಕೂಡಲೇ ಒಳಗಿನವಳ ಮುಖ ಅರಳುತ್ತದೆ. "ದೀದೀ ಆ ಗಯೀ", ಅಕ್ಕ ಬಂದಳು ಅನ್ನುತ್ತಾರೆ. ಬಾಟಲಿಗಳು ಖಾಲಿಯಾಗತೊಡಗಿದವು. ಕಾವಲಿನ ಗೂಡಿನಲ್ಲಿ ಒಬ್ಬಳು ಮಣ್ಣಿನ ಮಡಕೆ ತಂದಿಟ್ಟಳು. ಸರಿತಾ ಎಲ್ಲರ ಮುಂದೆ ಗಟಗಟನೆ ನೀರು ಕುಡಿದು ಬಾಯಿ ಒರೆಸಿಕೊಂಡದ್ದನ್ನು ನೋಡಿ ನನಗೆ ಅಳು ಬಂತು. ಈ ದೆಹಲಿಯಲ್ಲಿ ನಾನು ಗೆದ್ದದ್ದು ಅಂತ ಇದ್ದರೆ ಅದು.

ಪೋಸ್ಟಿಂಗ್ ಪಟ್ಟಿ ಬಂತು. ಬೆಂಗಳೂರಿಗೆ ಬೇರೆ ಕ್ಯಾಂಪಿನವಳ ಹೆಸರಿತ್ತು. ನಾನು ಓಡಿಹೋಗಿ ಕೇಳಿದೆ. ತಿವಾರಿ ಸಾಹೇಬರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ನಿನ್ನನ್ನು ಕಳಿಸಿದರೆ ರಿಲೀವರ್ ಯಾರು? ಹೊಸ ಹೆಂಗಸನ್ನು ಕೊಟ್ಟಿಲ್ಲ. ಇರುವವರನ್ನು ತೆಗೆದರೆ ಗೇಟು ಖಾಲಿ. ಮೇಲಿನವರು ನಿನ್ನ ಪಾಯಿಂಟ್ ಮಂಜೂರು ಮಾಡಿದ್ದು ಇರುವ ಹೆಂಗಸರ ಸಂಖ್ಯೆಯಲ್ಲೇ."

"ಹಾಗಾದರೆ ನನ್ನನ್ನು ಬಿಡಿಸುವವರು ಯಾರು, ಸಾಹೇಬ್?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಚಹಾ ತರಿಸಿದರು, ನಾನು ಕುಡಿಯದೆ ಎದ್ದು ಬಂದೆ. ಇವರನ್ನು ದ್ವೇಷಿಸಲಿಕ್ಕೂ ಆಗುವುದಿಲ್ಲ ಅನ್ನುವುದೇ ನನ್ನ ಹೊಟ್ಟೆ ಉರಿಸುತ್ತದೆ. ಇಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಒಳ್ಳೆಯ ಮಾತಾಡಿ ಮೂಗಿಗೆ ತುಪ್ಪ ಸವರಿ ಕಳಿಸುತ್ತಾರೆ, ಕೊನೆಗೆ ಬಿಸಿಲಲ್ಲಿ ನಿಲ್ಲುವವಳು ನಿಂತೇ ಇರುತ್ತಾಳೆ. ನನ್ನ ಮಗಳು ಊರಿನ ಶಾಲೆಗೇ ಸೇರಿದಳು. ಮೊದಲ ದಿನದ ಫೋಟೋ ಗೇಟಿನಲ್ಲಿದ್ದಾಗ ಫೋನಿಗೆ ಬಂತು, ಡ್ಯೂಟಿಯಲ್ಲಿ ಫೋನ್ ನೋಡುವಂತಿಲ್ಲವಾದ್ದರಿಂದ ಸಂಜೆ ನೋಡಿದೆ. ಪಕ್ಕದಲ್ಲಿ ಅವ್ವ ನಿಂತಿದ್ದಳು, ಹೊಸ ಸೀರೆ ಉಟ್ಟು.

ಈ ಸಲದ ರಜೆ ಮುಗಿಸಿ ವಾಪಸು ಹೊರಟಾಗ ಮಂಜುನಾಥ, ಭೂಮಿ ಬೆಂಗಳೂರಿನ ತನಕ ಕಳಿಸಲು ಬಂದರು. ದೆಹಲಿಯ ರೈಲಿಗೆ ಇನ್ನೂ ಹೊತ್ತಿತ್ತು. ಭೂಮಿಗೆ ತೋರಿಸೋಣ ಅಂತ ಒಂದು ಮಾಲಿಗೆ ಹೋದೆವು. ಬಾಗಿಲಲ್ಲಿ ಹೆಂಗಸರಿಗೆ ಅದೇ ಪರದೆ, ಅದೇ ಗೂಡು. ಒಳಗೆ ನಿಂತ ಹುಡುಗಿ ನೀಲಿ ಬಟ್ಟೆಯ ಖಾಸಗಿ ಗಾರ್ಡು. ನನ್ನ ತೋಳು ತಡವುತ್ತಿದ್ದಾಗ ಅವಳ ತುಟಿ ನೋಡಿದೆ, ಒಣಗಿ ಬಿರಿದಿತ್ತು.

"ಪಾನೀ ಪಿಯಾ?" ನೀರು ಕುಡಿದೆಯಾ ಅಂತ ಅಭ್ಯಾಸದಿಂದ ಹಿಂದಿಯಲ್ಲೇ ಬಾಯಿಂದ ಬಂದುಬಿಟ್ಟಿತು.

ಅವಳು ಮುಖ ಗಂಟು ಹಾಕಿದಳು. "ಕನ್ನಡದಲ್ಲಿ ಮಾತಾಡಿ ಮೇಡಂ. ಬೆಂಗಳೂರಿಗೆ ಬಂದಿದೀರಾ, ಸ್ವಲ್ಪ ಕಲೀರಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಭೂಮಿ ನನ್ನ ಸೆರಗು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ನೀವು ಬಾತ್‌ರೂಮಿಗೆ ಹೋದ್ರ ಇಲ್ಲಿ ಯಾರ್ ನಿಲ್ತಾರ?" ಅಂತ ಕೇಳಿದೆ.

ಹುಡುಗಿ ಗಲಿಬಿಲಿಗೊಂಡಳು. ಆಮೇಲೆ ಮೆಲ್ಲಗೆ, "ಯಾರೂ ಇಲ್ಲ ಮೇಡಂ. ಊಟಕ್ಕೆ ಬಿಟ್ಟಾಗ ಹೋಗ್ತೀನಿ" ಅಂದಳು.

"ಈಗ ಹೋಗಿ ಬರ್ರಿ. ನಾ ನಿಲ್ತೀನಿ."

ಅವಳು ನನ್ನ ಸೀರೆ ನೋಡಿದಳು, ಮಗಳನ್ನು ನೋಡಿದಳು, ನಕ್ಕುಬಿಟ್ಟಳು. "ನೀವು ನಿಲ್ಲೋ ಹಾಗಿಲ್ಲ ಮೇಡಂ. ಮುಂದೆ ನಡೀರಿ, ಹಿಂದೆ ಲೈನ್ ಇದೆ."

ಅವಳು ಹೇಳಿದ್ದು ಸರಿ. ಭೂಮಿಯ ಕೈ ಹಿಡಿದು ಮುಂದೆ ನಡೆದೆ. ಇನ್ನೊಬ್ಬಳನ್ನು ಹೋಗಿ ಬಾ ಅಂತ ಕಳಿಸಿ ಅವಳ ಜಾಗದಲ್ಲಿ ನಾನು ನಿಲ್ಲಬಹುದಾದದ್ದು ದೆಹಲಿಯ ಆ ಗೇಟುಗಳಲ್ಲಿ ಮಾತ್ರ. ಆದರೆ ನನ್ನ ಮಗಳು ಇರುವುದು ಊರಲ್ಲಿ.