ಬೂಟಿನೊಳಗಿನ ಹೆಸರು

“ಲಾವಣ್ಯಾ, ಮುಟ್ಟಬೇಡಮ್ಮಾ!” ಎಂದು ನಾನು ಕಿರುಚಿದ್ದಕ್ಕೆ ವಿಶಾಖಪಟ್ಟಣದ ಆ ಗ್ಯಾಲರಿಯಲ್ಲಿದ್ದವರೆಲ್ಲ ಬೆಚ್ಚಿ ತಿರುಗಿದರು. ವಿಜಯವಾಡದಿಂದ ನನ್ನ ಚಿತ್ರಕಲಾ ವಿದ್ಯಾರ್ಥಿಗಳನ್ನು ಕರೆತಂದಿದ್ದೆ. ಯಾರಾದರೂ ಏನಾದರೂ ಒಡೆದಾರು ಎಂಬ ಭಯಕ್ಕೆ ಹಿಂದಿನ ದಿನವೇ ಎಲ್ಲರಿಗೂ ಎರಡೆರಡು ಸಲ ಎಚ್ಚರಿಕೆ ಹೇಳಿದ್ದೆ. ಅಲ್ಲಿ ಆ ಊರಿನ ಕಾರ್ಖಾನೆಗಳ ಪ್ರದೇಶವಾದ ಗಾಜುವಾಕದ ಗುಜರಿಯಿಂದ ತಂದ ಕಾರ್ಮಿಕರ ಹಳೆಯ ಬೂಟುಗಳನ್ನು ಕಲಾಕೃತಿಯಾಗಿ ಸಾಲಾಗಿ ಜೋಡಿಸಿದ್ದರು. ಲಾವಣ್ಯ ಒಂದೊಂದನ್ನೇ ಎತ್ತಿ ಒಳಗೆ ಇಣುಕುತ್ತಿದ್ದಳು.

“ಬೂಟು ಅದಲುಬದಲಾಗಬಾರದು ಅಂತ ಅಪ್ಪನ ಹೆಸರನ್ನ ನಾನೇ ಉಗುರುಬಣ್ಣದಲ್ಲಿ ಒಳಗೆ ಬರೆದಿದ್ದೆ ಸಾರ್,” ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು. “ಅವರು ಕೆಲಸಕ್ಕಿದ್ದ ಇಲ್ಲಿನ ಫ್ಯಾಕ್ಟರಿಗೆ ಬೆಂಕಿ ಬಿದ್ದಮೇಲೆ ನಮಗೆ ವಾಪಸ್ ಕೊಟ್ಟಿದ್ದು ಅವರ ಊಟದ ಡಬ್ಬಿ ಒಂದೇ.”

ಕಾವಲುಗಾರ ಓಡಿ ಬಂದ. ಬಸ್ ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳಲೂ ಹೆದರುವ ನಾನು, “ಸ್ವಲ್ಪ ಇರಪ್ಪಾ” ಎಂದು ಅವನನ್ನು ತಡೆದು, ನೆಲಕ್ಕೆ ಕೂತು, ಇನ್ನೊಂದು ತುದಿಯಿಂದ ಹುಡುಕತೊಡಗಿದೆ. ಕೊನೆಯ ಜೋಡಿಯವರೆಗೂ ನೋಡಿದೆವು. ಅವಳ ಅಪ್ಪನ ಹೆಸರು ಸಿಗಲಿಲ್ಲ. ಬೇರೆ ಮೂವರದು ಸಿಕ್ಕಿತು.

ಹಿಂತಿರುಗುವಾಗ ಬಸ್ಸಿನಲ್ಲಿ ಅಭ್ಯಾಸದಂತೆ ನಾಲ್ಕು ಸಲ ಮಕ್ಕಳ ತಲೆ ಎಣಿಸಿದೆ. ಎಲ್ಲರೂ ಇದ್ದರು. ಬೂಟಿನೊಳಗೆ ಹೆಸರಿದ್ದ ಆ ಮೂವರು ಮನೆ ಮುಟ್ಟಿದರೋ ಇಲ್ಲವೋ ಎಂಬ ಚಿಂತೆ ಮಾತ್ರ ನನ್ನ ಹಳೆಯ ಚಿಂತೆಗಳ ನಡುವೆ ಬಂದು ಕೂತುಬಿಟ್ಟಿದೆ.